ದೊಡ್ಡವರ ಕೆಮ್ಮು, ಕೂಸಿನ ಉಸಿರು

ಬಶೀರಾಬಾದಿನ ಹೆಣ್ಣುಮಕ್ಕಳನ್ನು ಸೇಡಂ ಕಡೆ ಕೊಡುತ್ತಾರೆ. ಸೇಡಂ, ಚಿಂಚೋಳಿ ಕಡೆಯವರನ್ನು ಬಶೀರಾಬಾದಿಗೂ ತಾಂಡೂರಿಗೂ ತಂದುಕೊಳ್ಳುತ್ತಾರೆ. ನಡುವೆ ಇರುವ ರಾಜ್ಯದ ಗಡಿ ಬೀಗತನಕ್ಕೆ ಎಂದೂ ಅಡ್ಡ ಬಂದಿಲ್ಲ. ಬರುವುದಾದರೂ ಹೇಗೆ? 1956ರ ನವೆಂಬರ್ 1ರವರೆಗೆ ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲ್ಲೂಕು. ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯವು. ರಾಜ್ಯಗಳ ಮರುವಿಂಗಡಣೆಯಲ್ಲಿ ಈ ಸೀಮೆ ಆಂಧ್ರಪ್ರದೇಶಕ್ಕೆ ಹೋಯಿತು, 2014ರಲ್ಲಿ ತೆಲಂಗಾಣದ ಪಾಲಾಯಿತು. ಬಶೀರಾಬಾದ್ ಈಗ ವಿಕಾರಾಬಾದ್ ಜಿಲ್ಲೆಯ ಗಡಿ ಮಂಡಲ. ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯ ಮಾತು ತೆಲುಗು. ಸಂತೆಯಲ್ಲಿ ಎರಡೂ ಕೂಡಿ, ಮೇಲೊಂದಿಷ್ಟು ಉರ್ದು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ಗಡಿಯ ಎರಡೂ ಬದಿಯ ರೂಢಿ. ಹೀಗಾಗಿ ಎಷ್ಟೋ ಕೂಸುಗಳು ಒಂದು ರಾಜ್ಯದಲ್ಲಿ ಹುಟ್ಟಿ, ಮೂರನೆಯದೋ ಐದನೆಯದೋ ತಿಂಗಳಿಗೆ ಇನ್ನೊಂದು ರಾಜ್ಯಕ್ಕೆ ಬರುತ್ತವೆ. ಮಕ್ಕಳ ಸೋಂಕುರೋಗಗಳ ವಿಚಾರ ಬಂದಾಗ ನನ್ನ ಯೋಚನೆ ಹೋಗಿ ನಿಲ್ಲುವುದು ಈ ಮೊದಲ ತಿಂಗಳುಗಳ ಮೇಲೆಯೇ. ನಾಯಿಕೆಮ್ಮು ಜೀವ ತೆಗೆಯುವುದು ಹೆಚ್ಚಾಗಿ ಇಷ್ಟು ಎಳೆಯ ಕೂಸುಗಳದ್ದು. ಮೆದುಳಿನ ಪೊರೆಗೆ ಸೋಂಕು ತಗಲುವ ಮೆನಿಂಜೈಟಿಸ್, ಜನ ಮೆದುಳು ಜ್ವರ ಎಂದು ಕರೆಯುವ ರೋಗ, ಸರಿಯಾದ ಗುರುತು ತೋರದೆ ಬರುವುದೂ ಈ ವಯಸ್ಸಿನಲ್ಲೇ. ಎರಡನ್ನೂ ಬಹುಮಟ್ಟಿಗೆ ತಡೆಯುವ ಲಸಿಕೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅದರ ಮೊದಲ ಸೂಜಿ ಬೀಳುವುದು ಆರನೇ ವಾರಕ್ಕೆ. ಅಲ್ಲಿಯವರೆಗೆ ಕೂಸನ್ನು ಕಾಯಬೇಕಾದವರು ಅದರ ಸುತ್ತ ಇರುವ ದೊಡ್ಡವರು, ಮತ್ತು ಅಪಾಯ ತರುವವರೂ ಬಹಳ ಸಲ ಅವರೇ.

ನಾಯಿಕೆಮ್ಮು ಶುರುವಾಗುವುದು ಸಾದಾ ನೆಗಡಿಯ ಹಾಗೆ. ಮೂಗು ಸೋರುತ್ತದೆ, ಸಣ್ಣಗೆ ಕೆಮ್ಮು, ಜ್ವರ ಇದ್ದರೂ ಅಷ್ಟಕ್ಕಷ್ಟೆ. ಒಂದೆರಡು ವಾರ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಅತಿ ಹೆಚ್ಚು ಹರಡುವ ಕಾಲ ಅದೇ. ಲಸಿಕೆ ಇಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೇಳು ಮಂದಿಗೆ ತಗಲಬಲ್ಲ ರೋಗ ಇದು. ದಡಾರದ ಸಾಲಿಗೆ ಸೇರುವಂಥದ್ದು. ಬೊರ್ಡೆಟೆಲ್ಲಾ ಪರ್ಟುಸಿಸ್ ಎಂಬ ಇದರ ಜೀವಾಣುವನ್ನು 1906ರಲ್ಲಿ ಬ್ರಸೆಲ್ಸ್‌ನಲ್ಲಿ ಜೂಲ್ಸ್ ಬೋರ್ಡೆ ಮತ್ತು ಒಕ್ಟಾವ್ ಜಾಂಗು ಬೇರ್ಪಡಿಸಿ ಬೆಳೆಸಿದರು. ಶ್ವಾಸನಾಳದ ಒಳಗೋಡೆಯಲ್ಲಿ ಸಣ್ಣ ರೋಮಗಳಿರುತ್ತವೆ. ಕಫವನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ಈ ಜೀವಾಣು ಅವಕ್ಕೆ ಅಂಟಿಕೊಂಡು ವಿಷ ಬಿಟ್ಟು ಆ ಜೀವಕೋಶಗಳನ್ನೇ ಸಾಯಿಸುತ್ತದೆ. ಆಮೇಲೆ ಕಫ ಹೊರಗೆ ಬರಬೇಕಾದರೆ ಉಳಿಯುವ ದಾರಿ ಕೆಮ್ಮು ಒಂದೇ. ಹತ್ತು ಹದಿನೈದು ಸಲ ಬಿಡುವಿಲ್ಲದೆ ಕೆಮ್ಮಿ, ಕೊನೆಗೆ ಉಸಿರೆಳೆದುಕೊಳ್ಳುವಾಗ ಕೂಗಿದಂಥ ಸದ್ದು, ಬೆನ್ನಿಗೇ ವಾಂತಿ. ಇಷ್ಟು ಹೊತ್ತಿಗೆ ಕೊಡುವ ಔಷಧ ಹರಡುವುದನ್ನು ನಿಲ್ಲಿಸುತ್ತದೆಯೇ ಹೊರತು ಕೆಮ್ಮನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಜೀವಾಣು ಹೋದರೂ ಹಾಳಾದ ಒಳಗೋಡೆ ಮತ್ತೆ ಬೆಳೆಯಲು ವಾರಗಟ್ಟಲೆ ಬೇಕು. ಚೀನಾ, ಜಪಾನಿನವರು ಇದನ್ನು ನೂರು ದಿನದ ಕೆಮ್ಮು ಎಂದು ಕರೆದದ್ದು ಉತ್ಪ್ರೇಕ್ಷೆಯಲ್ಲ.

ಇದು ನಾಲ್ಕೈದು ವರ್ಷದ ಮಕ್ಕಳ ಕಥೆ. ಎರಡು ತಿಂಗಳ ಕೂಸಿನಲ್ಲಿ ಆ ಕೂಗು ಕೇಳಿಸದೆ ಇರಬಹುದು. ಅಷ್ಟು ಜೋರಾಗಿ ಉಸಿರೆಳೆಯುವ ಶಕ್ತಿಯೇ ಅದಕ್ಕಿರುವುದಿಲ್ಲ. ಮೊಲೆ ಕುಡಿಯುತ್ತಿದ್ದ ಕೂಸು ಒಮ್ಮೆಲೇ ಬಿಟ್ಟು ಮುಖ ಕೆಂಪಗೆ ಮಾಡಿಕೊಳ್ಳುತ್ತದೆ, ತುಟಿ ನೀಲಿಯಾಗುತ್ತದೆ, ಉಸಿರು ಕೆಲವು ಕ್ಷಣ ನಿಂತೇ ಹೋಗುತ್ತದೆ. ಮತ್ತೆ ಉಸಿರಾಡಿದಾಗ ಏನೂ ಆಗದ ಹಾಗೆ ಮಲಗಿಬಿಡುತ್ತದೆ. ಹಾಲು ನೆತ್ತಿಗೇರಿತು ಅಂದುಕೊಂಡು ಮನೆಯವರು ಸುಮ್ಮನಾಗುವುದು ಇಲ್ಲೇ. ತುಟಿ ಒಂದೇ ಒಂದು ಸಲ ನೀಲಿಯಾದರೂ ಅವತ್ತೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕೂಸಿಗೆ ಇದು ಬಂದದ್ದು ಎಲ್ಲಿಂದ? ಲಸಿಕೆ ಕೊಡುವ ರಕ್ಷಣೆಯಾಗಲಿ, ರೋಗ ಬಂದುಹೋದ ಮೇಲೆ ಉಳಿಯುವ ರಕ್ಷಣೆಯಾಗಲಿ ಜೀವಮಾನವಿಡೀ ಇರುವುದಿಲ್ಲ. ಕೆಲವು ವರ್ಷಗಳಲ್ಲಿ ಇಳಿಯುತ್ತದೆ. ಹದಿಹರೆಯದವರಿಗೆ, ದೊಡ್ಡವರಿಗೆ ನಾಯಿಕೆಮ್ಮು ಮತ್ತೆ ಬರುತ್ತದೆ. ಆದರೆ ಅವರಲ್ಲಿ ಅದು ಬರೀ ಒಂದು ಹಟಮಾರಿ ಕೆಮ್ಮು. ಕೆಲಸ ನಿಲ್ಲುವುದಿಲ್ಲ, ಊಟ ತಪ್ಪುವುದಿಲ್ಲ, ಡಾಕ್ಟರ ಹತ್ತಿರ ಹೋಗುವ ಮಾತೇ ಇಲ್ಲ. ತಾಂಡೂರು ಸೀಮೆಯಲ್ಲಂತೂ ಈ ಕೆಮ್ಮು ಯಾರ ಕಣ್ಣಿಗೂ ಬೀಳದು. ಕಲ್ಲುಗಣಿ, ಹಾಸುಗಲ್ಲು ಕೊಯ್ದು ನುಣುಪು ಮಾಡುವ ಯಂತ್ರಗಳು, ತಾಂಡೂರಿನ ಸಿಮೆಂಟ್ ಕಾರ್ಖಾನೆಗಳು, ಗಡಿಯಾಚೆ ಸೇಡಂ, ಮಳಖೇಡದಲ್ಲಿ ಮತ್ತೆ ಸಿಮೆಂಟ್. ಹಾಸುಗಲ್ಲಿನ ಯಂತ್ರದ ಮುಂದೆ ದಿನವಿಡೀ ನಿಂತು ಬಂದವನ ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ಬೂದುಬಣ್ಣದ ಪುಡಿ ಕೂತಿರುತ್ತದೆ. ಅವನು ಕೆಮ್ಮಿದರೆ ಕಾರಣ ಕೇಳುವವರಿಲ್ಲ. ಧೂಳಿನದು ಅನ್ನುತ್ತಾರೆ, ಮುಗಿಯಿತು. ಬಹುಪಾಲು ಧೂಳಿನದೇ ಇರಬಹುದು. ಆದರೆ ಅದರಲ್ಲಿ ಯಾವುದು ನಾಯಿಕೆಮ್ಮು, ಯಾವುದು ಕ್ಷಯ ಎಂದು ಬೇರ್ಪಡಿಸಿ ನೋಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ತೊಟ್ಟಿಲ ಕಾರ್ಯಕ್ಕೆ ಬಂದ ಮಾವನೋ ದೊಡ್ಡಪ್ಪನೋ ಕೂಸನ್ನು ಎತ್ತಿ ಮುದ್ದಾಡುವಾಗ ಅವನ ಕೆಮ್ಮು ಎಷ್ಟು ದಿನದ್ದು ಎಂದು ಕೇಳಲು ಬಾಣಂತಿಗೆ ಬಾಯಿ ಬರುವುದಿಲ್ಲ. ಕೇಳಬೇಕಾದವಳು ಮನೆಯ ಹಿರಿಯ ಹೆಂಗಸು. ಬಿಸಿನೀರು, ಎಣ್ಣೆ, ಬಟ್ಟೆಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ನಡೆಸುವವಳು ಈ ಒಂದು ಮಾತನ್ನೂ ನಡೆಸಬಲ್ಲಳು.

ಮನೆಮದ್ದಿನ ವಿಷಯ ಹೇಳದೆ ಮುಂದೆ ಹೋಗಲಾರೆ. ನಮ್ಮ ಊರುಗಳಲ್ಲಿ ಕತ್ತೆ ಹಾಲು ಮಾರುವವರು ಓಣಿ ಓಣಿ ತಿರುಗುತ್ತಾರೆ. ಕತ್ತೆಯನ್ನು ಮನೆಯ ಮುಂದೆಯೇ ನಿಲ್ಲಿಸಿ, ಪುಟ್ಟ ಲೋಟದಲ್ಲಿ ಒಂದಿಷ್ಟು ಕರೆದು, ಒಂದು ಚಮಚ ಹಾಲನ್ನು ಬೆಚ್ಚಗಿರುವಾಗಲೇ ಕೂಸಿನ ಬಾಯಿಗೆ ಬಿಡುತ್ತಾರೆ. ಕೆಮ್ಮು, ದಮ್ಮು, ಕಫ ಯಾವುದೂ ಹತ್ತಿರ ಸುಳಿಯದು ಎಂದು ನಂಬಿಕೆ. ಕೊಡಿಸುವ ಅಜ್ಜಿಯ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಕಾಯಿಸದ ಹಾಲು ಹಸುಗೂಸಿನ ಹೊಟ್ಟೆಗೆ ಬೇರೆಯೇ ಸೋಂಕು ಒಯ್ಯಬಲ್ಲದು, ನಾಯಿಕೆಮ್ಮನ್ನಂತೂ ತಡೆಯದು. ಕೆಮ್ಮುವ ಕೂಸಿಗೆ ಬರೆ ಹಾಕಿಸುವುದು ಇನ್ನೂ ಘೋರ. ಉಸಿರಿಗೆ ಒದ್ದಾಡುವ ಜೀವದ ಮೇಲೆ ಸುಟ್ಟ ಗಾಯ, ಅದರ ಮೇಲೆ ಕೀವು. ಇದನ್ನು ಮೃದುವಾಗಿ ಹೇಳಲು ನನಗೆ ಮನಸ್ಸಿಲ್ಲ. ನಿಲ್ಲಿಸಬೇಕು.

ಲಸಿಕೆ ಬಂದದ್ದು ಇಬ್ಬರು ಹೆಂಗಸರಿಂದ. ಅಮೆರಿಕದ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಸರಕಾರಿ ಪ್ರಯೋಗಾಲಯದಲ್ಲಿ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಕೆಲಸಕ್ಕಿದ್ದರು. 1930ರ ದಶಕ, ಅಲ್ಲಿ ಭಾರೀ ಬಡತನದ ಕಾಲ. ಹಗಲು ನೀರು, ಹಾಲಿನ ಪರೀಕ್ಷೆ ಮುಗಿಸಿ, ಸಂಜೆಯ ಮೇಲೆ ಕೆಮ್ಮುವ ಮಕ್ಕಳಿದ್ದ ಮನೆಗಳಿಗೆ ಇಬ್ಬರೂ ನಡೆದು ಹೋಗುತ್ತಿದ್ದರು. ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಗುವಿನ ಬಾಯಿಯ ಮುಂದೆ ಗಾಜಿನ ತಟ್ಟೆ ಹಿಡಿದು, ಅದರ ಮೇಲೆ ಕೆಮ್ಮಿಸಿ, ಜೀವಾಣುವನ್ನು ಬೆಳೆಸಲು ಒಯ್ಯುತ್ತಿದ್ದರು. ಆ ಜೀವಾಣುವನ್ನು ಕೊಂದು ಅವರು ಮಾಡಿದ ಲಸಿಕೆ ಸಾವಿರಾರು ಮಕ್ಕಳ ಮೇಲೆ ಪರೀಕ್ಷೆಯಾಗಿ ಗೆದ್ದಿತು. 1940ರ ದಶಕದಲ್ಲಿ ಅದು ಗಂಟಲಮಾರಿ ಮತ್ತು ಧನುರ್ವಾಯುವಿನ ಲಸಿಕೆಗಳ ಜೊತೆ ಸೇರಿ ಡಿಪಿಟಿ ಆಯಿತು. ಇವತ್ತು ಬಿಸಿಲಲ್ಲಿ ಮನೆಮನೆ ತಿರುಗುವ ನಮ್ಮ ಆಶಾ ಕಾರ್ಯಕರ್ತೆಯರಿಗೆ ಈ ಇಬ್ಬರ ಹೆಸರು ಗೊತ್ತಿರಬೇಕು ಎಂದು ನನಗೆ ಬಹಳ ಆಸೆ.

ಭಾರತದಲ್ಲಿ ಡಿಪಿಟಿ ಸರಕಾರಿ ಕಾರ್ಯಕ್ರಮಕ್ಕೆ ಬಂದದ್ದು 1978ರಲ್ಲಿ. ಅದಕ್ಕೆ ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಎರಡು ಲಸಿಕೆ ಕೂಡಿಸಿದ ಪೆಂಟಾವೇಲೆಂಟ್ 2011ರ ಡಿಸೆಂಬರಿನಲ್ಲಿ ತಮಿಳುನಾಡು, ಕೇರಳದಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ದೇಶವನ್ನೆಲ್ಲ ಮುಟ್ಟಿತು. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಒಂದೊಂದು. ಆರನೇ ವಾರದ ದಿನ ಕೂಸಿನ ಎಡತೊಡೆಗೆ ಪೆಂಟಾ, ಬಲತೊಡೆಗೆ ನ್ಯುಮೋನಿಯಾದ ಲಸಿಕೆ ಪಿಸಿವಿ, ಬಲತೋಳಿನ ಚರ್ಮಕ್ಕೆ ಪೋಲಿಯೊ ಸೂಜಿ, ಬಾಯಿಗೆ ಹನಿಗಳು. ಒಂದೇ ದಿನ ಮೂರು ಸೂಜಿ ಕಂಡು ಅಜ್ಜಿ ಬೆಚ್ಚಿಬೀಳುತ್ತಾಳೆ. ರಾತ್ರಿ ಮೈ ಸುಡುತ್ತದೆ, ತೊಡೆ ಗಟ್ಟಿಯಾಗುತ್ತದೆ, ಕೂಸು ಅಳು ನಿಲ್ಲಿಸುವುದಿಲ್ಲ. ‘ಸೂಜಿ ಹಾಕ್ಸಿದ್ದಕ್ಕೇ ಜ್ವರ ಬಂದಾವ, ಇನ್ನೊಂದು ಬ್ಯಾಡ’ ಎಂಬ ಮಾತು ಹುಟ್ಟುವುದು ಆ ರಾತ್ರಿಯೇ. ಎರಡನೇ ಸೂಜಿ ಒಂದು ತಿಂಗಳು ಮುಂದೆ ಹೋಗುತ್ತದೆ, ಮೂರನೆಯದು ಬಿಟ್ಟೇ ಹೋಗುತ್ತದೆ.

ಆ ಜ್ವರ ಬರುವುದು ಲಸಿಕೆಯಲ್ಲಿರುವ, ಕೊಂದ ಇಡೀ ಜೀವಾಣುವಿನಿಂದ. ಮೈ ಅದನ್ನು ಗುರುತು ಹಿಡಿದು ಕಾದಾಡಲು ಕಲಿಯುತ್ತಿರುತ್ತದೆ. ಸಿಸ್ಟರ್ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಹನಿ ಕೊಟ್ಟರೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಖಾಸಗಿ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ಹಾಕಿಸುವ ‘ನೋವಿಲ್ಲದ ಇಂಜೆಕ್ಷನ್’ನಲ್ಲಿ ಜೀವಾಣುವಿನ ಕೆಲವು ತುಣುಕುಗಳು ಮಾತ್ರ ಇರುತ್ತವೆ; ಜ್ವರ ಕಡಿಮೆ, ಆದರೆ ನಾಯಿಕೆಮ್ಮಿನ ಮಟ್ಟಿಗೆ ರಕ್ಷಣೆ ಬೇಗ ಇಳಿಯುತ್ತದೆ. ಸರಕಾರಿ ಸೂಜಿ ಕಡಿಮೆ ದರ್ಜೆಯದು ಎಂದು ತಿಳಿದು ಸಾಲ ಮಾಡಿ ಖಾಸಗಿಗೆ ಓಡುವ ಬಡ ತಂದೆಗೆ ಯಾರಾದರೂ ಇದನ್ನು ಕೂರಿಸಿಕೊಂಡು ಹೇಳಬೇಕು. ಪುಕ್ಕಟೆ ಸಿಗುವುದೇ ಇಲ್ಲಿ ಹೆಚ್ಚು ಕಾಲ ಬಾಳುವಂಥದ್ದು.

ಜ್ವರಕ್ಕೆ, ಗಾಳಿಮಾತಿಗೆ ಹೆದರಿ ಲಸಿಕೆ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನು ಜಪಾನ್ ಕಂಡಿದೆ. 1974–75ರಲ್ಲಿ ಡಿಪಿಟಿ ಹಾಕಿಸಿಕೊಂಡ ಇಬ್ಬರು ಮಕ್ಕಳು ತೀರಿಕೊಂಡಾಗ ಅಲ್ಲಿ ಲಸಿಕೆಯನ್ನು ಕೆಲಕಾಲ ನಿಲ್ಲಿಸಿದರು. ಮತ್ತೆ ಶುರು ಮಾಡಿದರೂ ಜನ ಬರಲಿಲ್ಲ. ಹತ್ತರಲ್ಲಿ ಎಂಟು ಮಕ್ಕಳಿಗೆ ಬೀಳುತ್ತಿದ್ದ ಲಸಿಕೆ ಹತ್ತರಲ್ಲಿ ಒಂದಕ್ಕೆ ಇಳಿಯಿತು. 1979ರಲ್ಲಿ ಹದಿಮೂರು ಸಾವಿರ ಮಂದಿಗೆ ನಾಯಿಕೆಮ್ಮು ಬಂತು, 41 ಸಾವು.

ಇನ್ನು ಮೆನಿಂಜೈಟಿಸ್. ಇದು ಒಂದು ರೋಗಾಣುವಿನ ರೋಗವಲ್ಲ. ಹಿಬ್, ನ್ಯುಮೊಕಾಕಸ್, ಮೆನಿಂಗೊಕಾಕಸ್ ಎಂಬ ಜೀವಾಣುಗಳು, ಕ್ಷಯದ ಜೀವಾಣು, ಹಲವು ವೈರಸ್‌ಗಳು: ಯಾವುದು ಬೇಕಾದರೂ ಮೆದುಳನ್ನು ಸುತ್ತಿದ ಪೊರೆಗೆ ಮುಟ್ಟಬಹುದು. ಪೆಂಟಾ ಬರುವ ಮೊದಲು ಚಿಕ್ಕ ಮಕ್ಕಳಲ್ಲಿ ಇದರ ದೊಡ್ಡ ಕಾರಣಗಳಲ್ಲೊಂದು ಹಿಬ್; ಅದನ್ನು ಪೆಂಟಾ ತಡೆಯುತ್ತದೆ. 2021ರಿಂದ ದೇಶದೆಲ್ಲೆಡೆ ಸಿಗುತ್ತಿರುವ ಪಿಸಿವಿ ನ್ಯುಮೊಕಾಕಸ್ಸಿಗೆ. ಹುಟ್ಟಿದ ಕೂಡಲೇ ಎಡತೋಳಿಗೆ ಹಾಕುವ ಬಿಸಿಜಿ, ಕ್ಷಯ ಮೆದುಳಿಗೆ ಏರದಂತೆ ಕಾಯಲು. ತೋಳಿನ ಮೇಲೆ ಉಳಿಯುವ ಆ ಸಣ್ಣ ಕಲೆಯ ಕೆಲಸ ಇದು ಎಂದು ಎಷ್ಟೋ ತಾಯಂದಿರಿಗೆ ಯಾರೂ ಹೇಳಿರುವುದಿಲ್ಲ.

ದೊಡ್ಡ ಮಕ್ಕಳಿಗೆ ಮೆನಿಂಜೈಟಿಸ್ ಬಂದರೆ ಗುರುತು ಸಿಗುತ್ತದೆ: ತಲೆ ಸಿಡಿಯುತ್ತದೆ, ವಾಂತಿ, ಕುತ್ತಿಗೆ ಬಿಗಿದು ಗದ್ದ ಎದೆಗೆ ಮುಟ್ಟುವುದಿಲ್ಲ, ಬೆಳಕು ಕಂಡರೆ ಆಗುವುದಿಲ್ಲ. ಹಸುಗೂಸಿನಲ್ಲಿ ಕುತ್ತಿಗೆ ಮೆತ್ತಗೇ ಇರಬಹುದು. ಹಾಲು ಬಿಡುತ್ತದೆ, ಎಬ್ಬಿಸಿದರೂ ಏಳದೆ ಜೋಂಪಿನಲ್ಲಿರುತ್ತದೆ, ಎತ್ತಿಕೊಂಡರೆ ಸಮಾಧಾನವಾಗುವ ಬದಲು ಕೀರಲು ದನಿಯಲ್ಲಿ ಇನ್ನೂ ಅಳುತ್ತದೆ, ಫಿಟ್ಸ್ ಬರಬಹುದು. ಮತ್ತೊಂದು ಗುರುತು ನಮ್ಮ ಮನೆಯ ಹೆಂಗಸರ ಅಂಗೈಯಲ್ಲೇ ಇದೆ. ಎರೆಯುವ ಮೊದಲು ದಿನಾ ಕೂಸಿನ ನೆತ್ತಿಗೆ ಎಣ್ಣೆ ಒತ್ತುವವಳಿಗೆ, ಆ ಮೆತ್ತಗಿನ ಜಾಗ ಎಷ್ಟು ಮಿಡಿಯುತ್ತದೆ, ಎಷ್ಟು ತಗ್ಗಿದೆ ಎಂಬುದು ನೋಡದೆಯೂ ತಿಳಿದಿರುತ್ತದೆ. ಭೇದಿಯಾದಾಗ ‘ನೆತ್ತಿ ಬಿದ್ದದ’ ಎಂದು ಮೊದಲು ಹೇಳುವವಳೂ ಅವಳೇ. ಅದೇ ನೆತ್ತಿ, ಕೂಸು ಅಳದೆ ನೆಟ್ಟಗೆ ಕುಳಿತಂತೆ ಹಿಡಿದಾಗಲೂ ಉಬ್ಬಿ ಬಿಗಿಯಾಗಿದ್ದರೆ ಮೆದುಳಿನ ಸುತ್ತ ಒತ್ತಡ ಏರಿದೆ ಎಂದರ್ಥ. ಜ್ವರದ ಜೊತೆ ಅದು ಕಂಡರೆ ಗಂಟೆಗಳ ಲೆಕ್ಕ. ಈ ಒಂದು ಸಂಗತಿಯನ್ನು ಅಜ್ಜಿಯರಿಗೆ ಕಲಿಸಿದರೆ ಉಳಿಯುವ ಜೀವಗಳಿವೆ ಎಂಬುದು ನನ್ನ ಗಟ್ಟಿ ನಂಬಿಕೆ.

ಆಸ್ಪತ್ರೆ ಮುಟ್ಟಿದ ಮೇಲೂ ಒಂದು ತಡೆ ಇದೆ. ಯಾವ ರೋಗಾಣು ಎಂದು ತಿಳಿಯಲು ಸೊಂಟದ ಮೂಳೆಗಳ ಸಂದಿಯಲ್ಲಿ ಸೂಜಿ ಹಾಕಿ ಬೆನ್ನಿನ ನೀರು ತೆಗೆಯಬೇಕು. ಜರ್ಮನಿಯ ಹೈನ್‌ರಿಕ್ ಕ್ವಿಂಕೆ 1891ರಲ್ಲಿ ರೂಢಿಗೆ ತಂದ ವಿಧಾನ ಇದು. ‘ಬೆನ್ನಾಗಿನ ನೀರು ತಗದ್ರ ಕೂಸು ಲಕ್ವಾ ಹೊಡದು ಬೀಳತದ’ ಎಂದು ಮನೆಯವರು ಸಹಿ ಹಾಕದೆ ಕೂರುತ್ತಾರೆ. ಸೂಜಿ ಹೋಗುವ ಜಾಗದಲ್ಲಿ ಮೆದುಳುಬಳ್ಳಿ ಇರುವುದೇ ಇಲ್ಲ. ಅದು ಮೇಲೆಯೇ ಮುಗಿದಿರುತ್ತದೆ. ಲಕ್ವಾ ಹೊಡೆಸುವುದು ರೋಗ. ಅದರ ಕೆಟ್ಟ ಹೆಸರು ಪರೀಕ್ಷೆಗೆ ಬಂದಿದೆ, ಏಕೆಂದರೆ ತೀರ ತಡವಾಗಿ ಬಂದ ಮಕ್ಕಳಿಗೆ ಎರಡೂ ಒಟ್ಟಿಗೇ ಆದಂತೆ ಕಾಣುತ್ತದೆ.

ಕ್ಷಯದಿಂದ ಬರುವ ಮೆನಿಂಜೈಟಿಸ್ ಮಾತ್ರ ಗಂಟೆಗಳಲ್ಲಿ ಬರುವುದಿಲ್ಲ. ಎರಡು ಮೂರು ವಾರ ಮಗು ಸುಮ್ಮನೆ ಸೊರಗುತ್ತದೆ, ಸಿಡಿಮಿಡಿ ಮಾಡುತ್ತದೆ, ಸಂಜೆಗೆ ಮೈ ಬೆಚ್ಚಗಾಗುತ್ತದೆ, ಆಗಾಗ ವಾಂತಿ. ದೃಷ್ಟಿ ತೆಗೆಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ, ಅಷ್ಟರಲ್ಲಿ ಮಗು ಎಚ್ಚರ ತಪ್ಪುತ್ತದೆ. ಇಲ್ಲಿಯೂ ಮೂಲ ಹುಡುಕಿದರೆ ಬಹಳ ಸಲ ಸಿಗುವುದು ಅದೇ ಮನೆಯಲ್ಲಿ ತಿಂಗಳಿಂದ ಕೆಮ್ಮುತ್ತಿರುವ ದೊಡ್ಡವರೊಬ್ಬರು. ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಸರಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ. ಮನೆಯಲ್ಲೊಬ್ಬರಿಗೆ ಕ್ಷಯ ಎಂದು ಗೊತ್ತಾದರೆ ಅಲ್ಲಿನ ಐದು ವರ್ಷದೊಳಗಿನ ಮಕ್ಕಳನ್ನು ಪರೀಕ್ಷಿಸಿ, ರೋಗವಿಲ್ಲದಿದ್ದರೆ ತಡೆಯುವ ಮಾತ್ರೆ ಶುರು ಮಾಡಬೇಕು ಎನ್ನುವುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಕೆಮ್ಮುವವನು ಗಣಿಗೆ ಹೋಗುತ್ತಾನೆಯೋ ಹೊಲಕ್ಕೆ ಹೋಗುತ್ತಾನೆಯೋ ಎಂದು ಆ ನಿಯಮ ನೋಡುವುದಿಲ್ಲ.

ರೋಗ ಕೈಮೀರಿದರೆ ಬಶೀರಾಬಾದಿನವರ ಮುಂದೆ ಎರಡು ದಿಕ್ಕು. ಒಂದು ತಾಂಡೂರು ದಾಟಿ ಹೈದರಾಬಾದ್. ಇನ್ನೊಂದು ಸೇಡಂ ದಾಟಿ ಕಲಬುರಗಿ. ಹೈದರಾಬಾದಿನಲ್ಲಿ ಮಕ್ಕಳಿಗೆಂದೇ ಇರುವ ನಿಲೋಫರ್ ಆಸ್ಪತ್ರೆ 1953ರದ್ದು. ಸೋಂಕುರೋಗಗಳಿಗೆ ನಲ್ಲಕುಂಟದ ಫೀವರ್ ಆಸ್ಪತ್ರೆ. ಹಳಬರಿಗೆ ಅದು ಇನ್ನೂ ಕೋರಂಟಿ ದವಾಖಾನ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆ ಎಂದು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದ ರೊನಾಲ್ಡ್ ರಾಸ್ ಹೆಸರು ಅದಕ್ಕಿದೆ. ಗಂಟಲಮಾರಿಯ ಮಕ್ಕಳು ಅಲ್ಲಿಗೆ ಈಗಲೂ ಬರುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲೂ ಕಳೆದ ದಶಕದಲ್ಲಿ ಆ ರೋಗ ಮತ್ತೆ ತಲೆಯೆತ್ತಿತ್ತು. ಡಿಪಿಟಿಯ ಬೂಸ್ಟರ್ ಎರಡು ಇವೆ, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಒಂದು, ಐದು–ಆರು ವರ್ಷಕ್ಕೆ ಇನ್ನೊಂದು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಗಂಟಲಮಾರಿ ಬರುತ್ತಿದೆ ಎಂದರೆ ಈ ಬೂಸ್ಟರ್‌ಗಳನ್ನು ಜನ ಮರೆಯುತ್ತಿದ್ದಾರೆ ಎಂದೇ ತಿಳಿಯಬೇಕು.

ಮೆನಿಂಜೈಟಿಸ್ ಗೆದ್ದು ಮನೆಗೆ ಬಂದ ಮಗುವಿನ ವಿಷಯದಲ್ಲಿ ಒಂದು ಕೆಲಸ ಬಾಕಿ ಉಳಿಯುತ್ತದೆ. ಈ ರೋಗ ಕಿವಿಯನ್ನು ಕೆಡಿಸಬಲ್ಲದು. ಜೀವ ಉಳಿಯಿತಲ್ಲ ಎಂಬ ಸಂತೋಷದಲ್ಲಿ ಯಾರೂ ಕಿವಿಯ ಪರೀಕ್ಷೆ ಮಾಡಿಸುವುದಿಲ್ಲ. ಎರಡು ವರ್ಷವಾದರೂ ಮಾತು ಬಾರದಿದ್ದಾಗ ಎಚ್ಚರವಾಗುತ್ತದೆ. ಅಷ್ಟರಲ್ಲಿ ಒಳಕಿವಿಯ ಶಂಖದಲ್ಲಿ ಮೂಳೆ ಬೆಳೆದು ಮುಚ್ಚಿಕೊಂಡಿದ್ದರೆ, ಕೇಳಿಸುವಂತೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಸುವುದೂ ಕಷ್ಟ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗಲೇ ಕಿವಿಯ ಪರೀಕ್ಷೆ ಯಾವಾಗ ಎಂದು ಕೇಳಿಕೊಂಡು ಬರಬೇಕು.

ಬಶೀರಾಬಾದಿನ ಪಕ್ಕದ ನವಾಂದ್ಗಿ ಸ್ಟೇಷನ್ನಿನ ಮೇಲೆ ಹಾಯ್ದುಹೋಗುವ ರೈಲು ಒಂದು ಕಡೆ ಹೈದರಾಬಾದ್ ಸೇರುತ್ತದೆ, ಇನ್ನೊಂದು ಕಡೆ ವಾಡಿ, ಸೊಲ್ಲಾಪುರ ದಾಟಿ ಪುಣೆ. ಜಗತ್ತಿಗೆಲ್ಲ ಲಸಿಕೆ ಮಾಡಿಕೊಡುವ ಎರಡು ಊರುಗಳು ಇವು. ಆಫ್ರಿಕಾದಲ್ಲಿ ಪದೇ ಪದೇ ಹಬ್ಬುತ್ತಿದ್ದ ಮೆನಿಂಗೊಕಾಕಸ್ ‘ಎ’ ಮೆನಿಂಜೈಟಿಸನ್ನು ಬಹುತೇಕ ಇಲ್ಲವಾಗಿಸಿದ, 2010ರ ಡಿಸೆಂಬರಿನಲ್ಲಿ ಬುರ್ಕಿನಾ ಫಾಸೊದಲ್ಲಿ ಹಾಕಲು ಶುರು ಮಾಡಿದ ಲಸಿಕೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನದು. ಇದೇ ರೈಲಿನಲ್ಲಿ ನಮ್ಮ ಜನ ಕೂಸುಗಳನ್ನು ಕಟ್ಟಿಕೊಂಡು ಪುಣೆ, ಮುಂಬಯಿಗೆ ದುಡಿಯಲು ಹೋಗುತ್ತಾರೆ. ಕೆಲಸ ನಡೆಯುವ ಕಟ್ಟಡದ ಪಕ್ಕ ತಗಡಿನ ಶೆಡ್ಡಿನಲ್ಲಿ ಬೆಳೆಯುವ ಕೂಸನ್ನು ಯಾವ ಊರಿನ ಸಿಸ್ಟರ್ ತನ್ನ ಪಟ್ಟಿಗೆ ಬರೆದುಕೊಳ್ಳಬೇಕು?

ಗಡಿಯ ಕೂಸಿನ ಪ್ರಶ್ನೆಯೂ ಇದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 84, ತೆಲಂಗಾಣದ ಶೇ 79ರಷ್ಟು ಮಕ್ಕಳಿಗೆ ಎಲ್ಲ ಮೂಲ ಲಸಿಕೆ ಬಿದ್ದಿತ್ತು. ಉಳಿದವರಲ್ಲಿ ಲಸಿಕೆಯೇ ಬೇಡ ಎಂದವರಿಗಿಂತ ನಡುವೆ ಕೈತಪ್ಪಿದವರನ್ನು ನೆನೆದು ನನಗೆ ಹೆಚ್ಚು ಸಂಕಟವಾಗುತ್ತದೆ. ಸೇಡಂ ಕಡೆ ಹುಟ್ಟಿದ ಕೂ‌ಸಿಗೆ ಅಲ್ಲಿ ತಾಯಿ ಕಾರ್ಡ್. ಒಂದೋ ಎರಡೋ ಸೂಜಿ ಹಾಕಿಸಿ ಗಂಡನ ಮನೆಗೆ ಬಂದರೆ, ಕಾರ್ಡ್ ತವರಿನ ಟ್ರಂಕಿನಲ್ಲೇ ಉಳಿದಿರುತ್ತದೆ. ಅಲ್ಲಿನ ಆಶಾ ಮಗು ಊರು ಬಿಟ್ಟಿತು ಎಂದು ಬರೆದುಕೊಳ್ಳುತ್ತಾಳೆ, ಇಲ್ಲಿಯವಳಿಗೆ ಮಗು ಬಂದದ್ದೇ ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ ಲಸಿಕೆಯ ದಿನ ಗುರುವಾರ, ತೆಲಂಗಾಣದಲ್ಲಿ ಬುಧವಾರ, ಶನಿವಾರ. ಎಲ್ಲ ಲೆಕ್ಕವನ್ನೂ ದೇಶಕ್ಕೆ ಒಂದೇ ಕಡೆ ಇಡುವ ಯು-ವಿನ್ ವ್ಯವಸ್ಥೆ ಬಂದಿದೆ, ಒಳ್ಳೆಯದು. ಆದರೆ ಬೀಗರ ಊರು ಯಾವುದು, ಸೊಸೆ ಬಾಣಂತನ ಮುಗಿಸಿ ಎಂದು ಬರುತ್ತಾಳೆ ಎಂದು ಬಲ್ಲವಳು ಊರಿನ ಆಶಾ. ಗಡಿಯ ಎರಡೂ ಬದಿಯ ಆಶಾಗಳ ಹತ್ತಿರ ಒಬ್ಬರದೊಬ್ಬರ ಫೋನ್ ನಂಬರ್ ಇರುವಂತೆ ಎರಡು ಆರೋಗ್ಯ ಇಲಾಖೆಗಳು ಮನಸ್ಸು ಮಾಡಿದರೆ ಒಂದೇ ವಾರದಲ್ಲಿ ಆಗುವ ಕೆಲಸ.

ಬಸುರಿಯಾಗಿರುವಾಗಲೇ ಕೂಸಿಗೆ ರಕ್ಷಣೆ ಕೊಡುವ ದಾರಿಯೂ ಇದೆ. ಏಳನೇ ತಿಂಗಳಿನಿಂದಾಚೆ ತಾಯಿಗೆ ಟಿಡ್ಯಾಪ್ ಎಂಬ ಲಸಿಕೆ ಹಾಕಿದರೆ ಅವಳ ರಕ್ತದ ರಕ್ಷಣೆ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹರಿದು, ಮೊದಲ ಸೂಜಿ ಬೀಳುವವರೆಗೆ ಕಾಯುತ್ತದೆ. ಬ್ರಿಟನ್ನಿನಲ್ಲಿ 2012ರಿಂದ ಎಲ್ಲ ಬಸುರಿಯರಿಗೂ ನಾಯಿಕೆಮ್ಮಿನ ಲಸಿಕೆ ಕೊಡುತ್ತಿದ್ದಾರೆ. ನಮ್ಮ ಸರಕಾರಿ ಕಾರ್ಯಕ್ರಮದಲ್ಲಿ ಬಸುರಿಗೆ ಹಾಕುವ ಟಿಡಿ ಸೂಜಿಯಲ್ಲಿ ಧನುರ್ವಾಯು, ಗಂಟಲಮಾರಿಗೆ ಮಾತ್ರ ರಕ್ಷಣೆಯಿದೆ, ನಾಯಿಕೆಮ್ಮಿಗಿಲ್ಲ. ಟಿಡ್ಯಾಪ್ ಹಾಕಿಸಿ ಎಂದು ಭಾರತದ ಮಕ್ಕಳ ತಜ್ಞರ ಸಂಘವೇ ಹೇಳುತ್ತದೆ, ಆದರೆ ಖಾಸಗಿಯಲ್ಲಿ ಅದಕ್ಕೆ ಸಾವಿರ ರೂಪಾಯಿಗೂ ಮೇಲೆ. ಕಲ್ಲು ಹೊರುವ ಹೆಂಗಸಿಗೆ ಅದು ಎಷ್ಟು ದಿನದ ಕೂಲಿ! ಲಸಿಕೆ ಮಾಡುವ ಊರುಗಳ ನಡುವೆ ಬದುಕುವ ಈ ತಾಯಂದಿರಿಗೆ ಸರಕಾರ ಅದನ್ನು ಪುಕ್ಕಟೆ ಕೊಡಬೇಕು.

ಅಲ್ಲಿಯವರೆಗೆ, ಸೂಜಿ ತಪ್ಪಿದ ಮನೆಯವರು ತಿಳಿಯಬೇಕಾದದ್ದು ಇಷ್ಟು. ತಡವಾಯಿತು ಎಂದು ಬೈಸಿಕೊಳ್ಳುವ ಹೆದರಿಕೆಯಲ್ಲಿ ದವಾಖಾನೆ ಬಿಡಬೇಡಿ. ಹಾಕಿಸಿದ ಸೂಜಿ ಹಾಳಾಗುವುದಿಲ್ಲ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತಾರೆ. ಪೆಂಟಾವನ್ನು ಒಂದು ವರ್ಷ ತುಂಬುವ ಮೊದಲು ಶುರು ಮಾಡಬಹುದು, ಅದೂ ದಾಟಿದ್ದರೆ ಏಳು ವರ್ಷದವರೆಗೆ ಡಿಪಿಟಿ ಇದೆ. ಕಾರ್ಡ್ ಯಾವ ರಾಜ್ಯದ್ದಾದರೂ ನಡೆಯುತ್ತದೆ. ಸೇಡಂ ಕಡೆ ಗುರುವಾರ ತಪ್ಪಿದ ಕೂಸಿಗೆ ಬಶೀರಾಬಾದಿನಲ್ಲಿ ಶನಿವಾರ ಹಾಕಿಸಬಹುದು.